ಅಕ್ಕ ಕಿತ್ತುಕೊಂಡ ಬಾಗಿಲು

ಆ ದಿನ ಕೆಲಸ ಮುಗಿಸಿ ಮನೆಗೆ ಬಂದಾಗ ನನ್ನ ಕೋಣೆಗೆ ಬಾಗಿಲು ಇರಲಿಲ್ಲ. ತೆರೆದಿತ್ತು ಎಂದಲ್ಲ, ಬಾಗಿಲೇ ಇರಲಿಲ್ಲ. ಕೀಲುಗಳಿದ್ದ ಜಾಗದಲ್ಲಿ ಬರೀ ತೂತುಗಳು, ಹೊಸಿಲ ಮೇಲೆ ಮರದ ಪುಡಿ. ಒಳಗೆ ನನ್ನ ಮಂಚ, ಮಂಚದ ಮೇಲೆ ಬೆಳಿಗ್ಗೆ ಅವಸರದಲ್ಲಿ ಎಸೆದು ಹೋಗಿದ್ದ ಬಟ್ಟೆ, ಎಲ್ಲವೂ ಬಂದವರಿಗೆ ಹೋದವರಿಗೆ ಕಾಣುವ ಹಾಗೆ ಹರಡಿಕೊಂಡಿದ್ದವು. ಗುಂಡು ಹಿಡಿಕೆಯ ಬೀಗವನ್ನು ಬಿಚ್ಚಿ, ಸ್ಕ್ರೂಗಳ ಸಮೇತ ನನ್ನ ದಿಂಬಿನ ಮೇಲೆ ಇಟ್ಟಿದ್ದರು.

ಬಾಗಿಲನ್ನು ಹುಡುಕಬೇಕಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ, ಸಾಲಾಗಿ ಇಟ್ಟ ಸ್ಟೂಲುಗಳ ಮೇಲೆ ಅಂಗಾತ ಮಲಗಿತ್ತು. ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೊಂಡು ತಂದ ಕುದುರೆಯನ್ನು ನೋಡುವವಳ ಹಾಗೆ ಅದನ್ನು ನೋಡುತ್ತ ನಿಂತಿದ್ದವಳು ನನ್ನ ಅಕ್ಕ.

"ಸ್ವಲ್ಪ ದಿನ ಅಷ್ಟೇ ಕಣೇ," ಎಂದಳು. "ಪರದೆ ಕಟ್ಟಿ ಕೊಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಕೇಳಿದ್ಯಾ ನನ್ನ? ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ!"

"ಅದಕ್ಕೇ ಕೇಳಲಿಲ್ಲ."

ಇದು ನನ್ನ ಅಕ್ಕ. ಅವಳ ವಿಚಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನೀವೂ ಅವಳ ಕಡೆ ಸೇರಿಕೊಳ್ಳುತ್ತೀರಿ. ಎಲ್ಲರೂ ಸೇರುವುದು ಅವಳ ಕಡೆಗೇ.

ಅಕ್ಕ ಭೂಮಾಪನ ಕಚೇರಿಯಲ್ಲಿ ನಕ್ಷೆ ಎಳೆಯುವ ಕೆಲಸದಲ್ಲಿದ್ದವಳು. ಇವರ ಜಾಗ ಎಲ್ಲಿ ಮುಗಿಯುತ್ತದೆ, ಅವರ ಜಾಗ ಎಲ್ಲಿ ಶುರುವಾಗುತ್ತದೆ ಎಂದು ಕೂದಲಿನಷ್ಟು ತೆಳ್ಳನೆಯ ಗೆರೆ ಎಳೆದು ಎಳೆದು ಅವಳ ನಡುಬೆರಳಿನಲ್ಲಿ ಗಂಟು ಬಿದ್ದಿದೆ. ಗೆರೆ ಚೂರು ಆಚೀಚೆಯಾದರೂ ಯಾರೋ ಇಬ್ಬರು ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಿದ್ದರು. ಆಮೇಲೆ ನಕ್ಷೆ ಎಳೆಯಲು ಯಂತ್ರ ಬಂತು. ಇವಳನ್ನು ಫೈಲುಗಳಿಗೆ ಮುದ್ರೆ ಒತ್ತಲು ಕೂರಿಸಿದರು. ಕೆಲವು ಕಾಲ ಒತ್ತಿದಳು. ಒಂದು ದಿನ ರಾಜೀನಾಮೆ ಬರೆದು, ಅದಕ್ಕೂ ತಾನೇ ಮುದ್ರೆ ಒತ್ತಿ, ಸಾಹೇಬರ ಮೇಜಿನ ಮೇಲಿಟ್ಟು ಮನೆಗೆ ಬಂದಳು. ಬರುವ ದಾರಿಯಲ್ಲಿ ಶಾಲೆಯ ಮಕ್ಕಳು ಬಳಸುವ ನೀರುಬಣ್ಣದ ಪೆಟ್ಟಿಗೆ ಕೊಂಡಿದ್ದಳು. ಭಾವ ಅದನ್ನು ನೋಡಿ, ಯಾರ ಮಗುವಿಗೆ ಹುಟ್ಟುಹಬ್ಬ ಎಂದು ಕೇಳಿದ್ದರಂತೆ.

ಅಂದಿನಿಂದ ಅವಳು ಒಂದೇ ಒಂದು ಗೆರೆ ಎಳೆದಿಲ್ಲ. ಅವಳ ಚಿತ್ರದಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಅಮೂರ್ತ ಎನ್ನುತ್ತಾರೆ ಅದಕ್ಕೆ. ನೀಲಿ ಎಲ್ಲಿ ಮುಗಿಯಿತು, ಮಣ್ಣಿನ ಬಣ್ಣ ಎಲ್ಲಿ ಶುರುವಾಯಿತು ಎಂದು ಯಾವ ಕೋರ್ಟೂ ತೀರ್ಪು ಕೊಡಲಾರದು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೂರುವವಳು, ಎಂಥ ಡಾಕ್ಟರ ಕೈಬರಹವನ್ನಾದರೂ ಓದಿಬಿಡುತ್ತೇನೆ. ಅಕ್ಕನ ಚಿತ್ರದ ಮುಂದೆ ಮಾತ್ರ ನನ್ನ ಆಟ ನಡೆಯುವುದಿಲ್ಲ. "ಏನಕ್ಕಾ ಇದು?" ಎಂದರೆ "ನೋಡು" ಎನ್ನುತ್ತಾಳೆ. "ನೋಡಿದೆ" ಎಂದರೆ "ಇನ್ನೂ ನೋಡು" ಎನ್ನುತ್ತಾಳೆ. ಇಂಥವಳ ಜೊತೆ ಏನು ಮಾತಾಡುವುದು!

ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಎರಡು ಜಾಡಿ ನೀರು: ಒಂದು ಕುಂಚ ತೊಳೆಯುವುದಕ್ಕೆ, ಇನ್ನೊಂದು ಬಣ್ಣ ಕಲಸುವುದಕ್ಕೆ. ತೊಳೆಯುವ ನೀರು ಸಂಜೆಯ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಭಾವ ಒಮ್ಮೆ ಒಂದು ಗುಟುಕು ಕುಡಿದೂ ನೋಡಿದ್ದಾರೆ, ಸಕ್ಕರೆ ಕಮ್ಮಿ ಎಂದರಂತೆ. ಹೂಕುಂಡಕ್ಕೆ ನೀರು ಚಿಮುಕಿಸುವ ಬಾಟಲಿ, ಅಡುಗೆಮನೆಯಿಂದ ಹಾರಿಸಿಕೊಂಡು ಬಂದ ಉಪ್ಪಿನ ಡಬ್ಬಿ, ನನ್ನ ಕೂದಲು ಒಣಗಿಸುವ ಯಂತ್ರ, ಎಲ್ಲವೂ ಅವಳ ಸಾಮಾನು. ಕಾಗದವನ್ನು ಮೊದಲು ನೀರಿನಲ್ಲಿ ನೆನೆಸುತ್ತಾಳೆ. ಹಲಗೆಯ ಮೇಲೆ ಹಾಸಿ ಅಂಚಿಗೆಲ್ಲ ಅಂಟುಪಟ್ಟಿ ಹಚ್ಚುತ್ತಾಳೆ. ಹಾಗೆ ಬಿಗಿ ಹಿಡಿಯದಿದ್ದರೆ ಬಣ್ಣ ಬಿದ್ದೊಡನೆ ಕಾಗದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆಮೇಲೆ ಬಣ್ಣ ಬಿಟ್ಟು, ಹಲಗೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಣ್ಣ ತಾನಾಗಿ ಹರಿಯುವುದನ್ನು ನೋಡುತ್ತ ನಿಲ್ಲುತ್ತಾಳೆ. ಕುಂಚ ಹಿಡಿಯುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಜಾಸ್ತಿ. ಕಾಗದದ ಮೇಲಿನ ಹೊಳಪು ಆರುವ ಒಂದು ಗಳಿಗೆ ಇದೆಯಂತೆ. ಅದಕ್ಕೆ ಮೊದಲು ಮುಟ್ಟಿದರೆ ಬಣ್ಣ ಓಡಿಹೋಗುತ್ತದೆ, ಆಮೇಲೆ ಮುಟ್ಟಿದರೆ ಕೊಳಕಾಗುತ್ತದೆ. ಆ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಸೀನುವ ಹಾಗಿಲ್ಲ.

ಪ್ರದರ್ಶನ ಹತ್ತಿರ ಬಂದಾಗ ನಮ್ಮ ಹಾಸಿಗೆಗಳೂ ಅವಳ ಕೆಲಸಕ್ಕೆ ಸೇರುತ್ತವೆ. ಒಣಗಿದ ಮೇಲೂ ಸೊಟ್ಟಗಿರುವ ಚಿತ್ರಗಳನ್ನು ಹಿಂದಿನಿಂದ ಒದ್ದೆ ಮಾಡಿ, ಎರಡು ರಟ್ಟಿನ ನಡುವೆ ಇಟ್ಟು, ನಮ್ಮ ಹಾಸಿಗೆಯ ಕೆಳಗೆ ತಳ್ಳುತ್ತಾಳೆ. ನಾವು ಅವುಗಳ ಮೇಲೆ ಮಲಗಿ ಸಪಾಟು ಮಾಡಬೇಕು. ಭಾವ ತೂಕದ ಮನುಷ್ಯ, ಅವರ ಹಾಸಿಗೆಗೆ ದೊಡ್ಡ ಚಿತ್ರಗಳು. "ನನ್ನ ಗೊರಕೆನೂ ಇದರಲ್ಲಿ ಸೇರಿದೆ, ಹೆಸರು ಹಾಕ್ಸು" ಎಂದು ಅವರು ಪ್ರತಿ ಸಲವೂ ಕೇಳುತ್ತಾರೆ.

ಇಷ್ಟೆಲ್ಲ ಸಹಿಸಿಕೊಂಡವಳು ನಾನು. ಬಾಗಿಲನ್ನು ಮಾತ್ರ ಸಹಿಸಲಾಗಲಿಲ್ಲ.

ನಾವು ಹುಟ್ಟಿ ಬೆಳೆದ ಮನೆಯಲ್ಲಿ ಕೋಣೆಗಳು ಕಡಿಮೆ, ಜನ ಜಾಸ್ತಿ. ಬಟ್ಟೆ ಬದಲಿಸಬೇಕಾದರೂ ಯಾರಾದರೊಬ್ಬರು ಕಾವಲು ನಿಲ್ಲಬೇಕಿತ್ತು. ಮದುವೆಯಾಗಿ ಹೋದ ಮನೆಯಲ್ಲಿ ಕೋಣೆಯಿತ್ತು, ಕೋಣೆಗೆ ಬಾಗಿಲೂ ಇತ್ತು, ಒಳಗಿನ ಚಿಲಕ ಮಾತ್ರ ಮುರಿದಿತ್ತು. ನಾನು ಹೇಳಿ ಹೇಳಿ ಸೋತೆ, ಅದನ್ನು ಯಾರೂ ಸರಿ ಮಾಡಿಸಲಿಲ್ಲ. ಯಾಕೆ ಮಾಡಿಸಲಿಲ್ಲ ಎಂದು ಅರ್ಥವಾದ ದಿನ ನಾನು ಒಂದು ಚೀಲ ಹಿಡಿದು ಅಕ್ಕನ ಮನೆಗೆ ಬಂದುಬಿಟ್ಟೆ. ಅಕ್ಕ ಏನೊಂದೂ ಕೇಳಲಿಲ್ಲ. ಒಳಕೋಣೆಯಲ್ಲಿದ್ದ ತನ್ನ ಬಣ್ಣ, ಕಾಗದ, ಹಲಗೆಗಳನ್ನೆಲ್ಲ ಎತ್ತಿ ಮುಂದಿನ ಕೋಣೆಗೆ ಸಾಗಿಸಿದಳು. ಅಂದೇ ಸಂಜೆ ಅಂಗಡಿಗೆ ಹೋಗಿ ಗುಂಡು ಹಿಡಿಕೆಯ ಬೀಗ ತಂದು, ಬಾಗಿಲಿಗೆ ತೂತು ಕೊರೆಸಿ ಕೂರಿಸಿದಳು. ಬೀಗದ ಕೈ ನನ್ನ ಅಂಗೈಯಲ್ಲಿಟ್ಟು "ಇನ್ನೊಂದು ಕೀ ಇಲ್ಲ, ಕಳ್ಕೋಬೇಡ" ಎಂದಳು. ಅವತ್ತು ಬಾಗಿಲು ಹಾಕಿಕೊಂಡು ನಾನು ಎಷ್ಟು ಹೊತ್ತು ಅತ್ತೆನೋ ನನಗೇ ಗೊತ್ತಿಲ್ಲ. ಯಾರೂ ಒಳಗೆ ಬರಲಿಲ್ಲ. ಆ ಸುಖ ಎಂಥದು ಎಂದು ಚಿಲಕವಿರುವ ಮನೆಯಲ್ಲಿ ಬೆಳೆದವರಿಗೆ ತಿಳಿಯುವುದಿಲ್ಲ.

ಆ ಬಾಗಿಲನ್ನು ಕೊಟ್ಟವಳೇ ಕಿತ್ತುಕೊಂಡಿದ್ದಳು. ಕಾರಣ ಎಣ್ಣೆ ಮೇಷ್ಟ್ರು.

ಮೇಷ್ಟ್ರು ಊರಿನ ಚಿತ್ರಶಾಲೆಯ ಮುಖ್ಯಸ್ಥರು. ಬರೆಯುವುದೆಲ್ಲ ಎಣ್ಣೆಬಣ್ಣದಲ್ಲಿ, ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ ಆ ಹೆಸರು. ಭಾವ ಅದನ್ನು ಹೇಳುವಾಗೆಲ್ಲ ಲೋಟ ಎತ್ತಿದ ಹಾಗೆ ಕೈ ಮಾಡುತ್ತಾರೆ. ಪಾಪ, ಅವರು ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ. ಚಿತ್ರಶಾಲೆಯಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನ. ಎತ್ತರದ ಸೂರು, ಮೇಲಿಂದ ಬೀಳುವ ಬೆಳಕು, ಒಳಗೆ ಕಾಲಿಟ್ಟೊಡನೆ ಎದುರಿಗೆ ದೊಡ್ಡ ಬಿಳಿ ಗೋಡೆ, ಅದು ಮುಂದಿನ ಹಾಲು. ಅದು ಯಾವಾಗಲೂ ಎಣ್ಣೆಬಣ್ಣದವರಿಗೆ. ಅಕ್ಕನ ಚಿತ್ರಗಳಿಗೆ ಪ್ರತಿ ವರ್ಷ ಸಿಗುತ್ತಿದ್ದದ್ದು ಹಿಂದಿನ ಕಾರಿಡಾರು, ಶೌಚಾಲಯಕ್ಕೆ ಹೋಗುವ ದಾರಿ. ಅವಳ ಚಿತ್ರವನ್ನು ಅತಿ ಹೆಚ್ಚು ಹೊತ್ತು ನೋಡಿದವರೆಂದರೆ ತಮ್ಮ ಸರದಿಗೆ ಕಾಯುತ್ತಿದ್ದವರು. ಅಕ್ಕ ನಗುನಗುತ್ತ ಇದನ್ನು ಹೇಳುತ್ತಿದ್ದಳು. ಆದರೆ ಪ್ರದರ್ಶನ ಮುಗಿಸಿ ಬಂದ ದಿನ ಅವಳು ಊಟಕ್ಕೆ ಕೂರುತ್ತಿರಲಿಲ್ಲ, ಅದನ್ನು ನಾನು ನೋಡಿದ್ದೇನೆ.

ಈ ವರ್ಷ ಅವಳು ನೇರವಾಗಿ ಹೋಗಿ ಮುಂದಿನ ಹಾಲು ಕೇಳಿಬಿಟ್ಟಳು. ಮೇಷ್ಟ್ರು ಕೆಟ್ಟವರಲ್ಲ, ಬಾಯಿ ಮಾತ್ರ ನೇರ. "ನಿಮ್ಮ ಕೆಲಸ ಚೆನ್ನಾಗಿದೆ ಅಮ್ಮಾ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಾ ಅಂಗೈಯಷ್ಟಗಲ. ಆ ಗೋಡೆ ಅವನ್ನ ನುಂಗಿ ನೀರು ಕುಡಿಯುತ್ತೆ. ಎದುರಿಗೆ ನಿಲ್ಲೋ ಅಂಥ ಒಂದು ದೊಡ್ಡದು ಬರೆದು ತನ್ನಿ, ಹಾಲು ನಿಮ್ದು. ಇಲ್ಲಾಂದ್ರೆ ಎಂದಿನ ಹಾಗೆ ಕಾರಿಡಾರು," ಎಂದರಂತೆ.

ದೊಡ್ಡ ಕಾಗದ ಸುರುಳಿಯಲ್ಲಿ ಸಿಗುತ್ತದೆ, ತಂದಳು. ಆದರೆ ಅಷ್ಟು ದೊಡ್ಡ ಕಾಗದವನ್ನು ಬಿಗಿಯಲು ಹಲಗೆ ಎಲ್ಲಿಂದ? ಮನೆಯಲ್ಲೆಲ್ಲ ಕಣ್ಣಾಡಿಸಿದಳು. ಬೀದಿ ಬಾಗಿಲು ಕೀಳುವಂತಿಲ್ಲ. ಬಚ್ಚಲಿನದು ತಗಡು. ಅವಳ ಕೋಣೆಯ ಬಾಗಿಲ ಮೇಲೆ ಉಬ್ಬುಕೆತ್ತನೆ. ಒಂದು ಗಂಟೂ ಇಲ್ಲದ, ಸಪಾಟಾದ ಹಲಗೆ ಎಂದರೆ ನನ್ನದೊಂದೇ.

ನಾನು ಮಾತು ಬಿಟ್ಟೆ. ಕಟ್ಟಿಕೊಟ್ಟ ಪರದೆಯನ್ನು ಕಿತ್ತು ಅವಳ ಮೇಜಿನ ಮೇಲೆಸೆದೆ, ಆಮೇಲೆ ನನಗೇ ಬೇಕಾಗಿ ತಂದು ಕಟ್ಟಿಕೊಂಡೆ. ಬೆಳಿಗ್ಗೆ ಎದ್ದರೆ ಎದುರಿಗೇ ಅವಳು, ಅವಳೆದುರಿಗೇ ನಾನು, ಇಬ್ಬರ ನಡುವೆ ನನ್ನ ಬಾಗಿಲು. "ಅವಳಿಗೆ ಚಹಾ ಆರಿಹೋಗ್ತಿದೆ ಅನ್ರೀ," ಎಂದು ಅಕ್ಕ ಭಾವನಿಗೆ ಹೇಳುವಳು. "ಆರಲಿ ಅನ್ನಿ ಭಾವ," ಎಂದು ನಾನು ಹೇಳುವೆ. ಭಾವ ಬಸ್ ಓಡಿಸುವವರು, ಮನೆಯಲ್ಲಿ ಕಂಡಕ್ಟರ್ ಕೆಲಸವೂ ತಮ್ಮ ತಲೆಗೇ ಬಂತು ಎಂದು ಗೊಣಗಿದರು.

ಮೊದಲ ಕಾಗದ ಹಾಳಾಯಿತು. ನೆನೆಸಿ, ಬಾಗಿಲ ಮೇಲೆ ಹಾಸಿ, ಅಂಟುಪಟ್ಟಿ ಹಚ್ಚಿ ಒಣಗಲು ಬಿಟ್ಟಿದ್ದಳು. ಒಣಗುತ್ತ ಕಾಗದ ಕುಗ್ಗಿ, ಅಷ್ಟುದ್ದದ ಎಳೆತಕ್ಕೆ ಒಂದು ಬದಿಯ ಪಟ್ಟಿ ಬಿಟ್ಟುಕೊಂಡು, ಪಟ್ ಎಂದು ನಡುವೆ ಸೀಳಿತು. ಸುರುಳಿಯಲ್ಲಿ ಇನ್ನು ಉಳಿದದ್ದು ಒಂದೇ ಬಾಗಿಲಿಗೆ ಆಗುವಷ್ಟು. ಅಕ್ಕ ಹೆದರಿದಳು. ಹೆದರಿದವಳು ಈ ಸಲ ಪಟ್ಟಿಯನ್ನು ನಂಬಲಿಲ್ಲ. ಬಡಗಿಗಳು ಮರಕ್ಕೆ ಮರ ಕೂಡಿಸುವ ಬಿಳಿ ಅಂಟನ್ನು ಡಬ್ಬಿಗಟ್ಟಲೆ ತಂದು, ಬಾಗಿಲ ಅಂಚಿಗೆಲ್ಲ ಧಾರಾಳವಾಗಿ ಬಳಿದಳು. ಒಣಗುವ ತನಕ ಕಾಯುವ ಧೈರ್ಯವೂ ಇರಲಿಲ್ಲ, ಕಾಗದ ನೀರು ಸುರಿಯುತ್ತಿರುವಾಗಲೇ ಬಣ್ಣಕ್ಕೆ ಕೈ ಹಾಕಿದಳು.

ಅಂದು ನನಗೆ ರಜೆ. ಪರದೆಯ ಈಚೆ ಕೂತು ಪತ್ರಿಕೆ ಓದುವವಳ ಹಾಗೆ ನಟಿಸುತ್ತಿದ್ದೆ. ಪರದೆಗೆ ಒಂದು ಸಂದಿ ಇತ್ತು. ಅಗಲ ಕುಂಚದಿಂದ ಕಡುನೀಲಿಯನ್ನು ಮೇಲಿನ ಅಂಚಿಗೆ ಸುರಿದಳು. ಅದು ನೀರಿನ ಮೇಲೆ ಹೊಗೆಯ ಹಾಗೆ ಬಿಚ್ಚಿಕೊಂಡಿತು. ಕೆಳಗಿನಿಂದ ಕೆಮ್ಮಣ್ಣಿನ ಬಣ್ಣ ಕೊಟ್ಟಳು. ಎರಡೂ ಒಂದರ ಕಡೆಗೊಂದು ಹೊರಟವು, ನಡುವೆ ನಿಂತುಬಿಟ್ಟವು. ಇನ್ನು ಹಲಗೆ ವಾಲಿಸಬೇಕು. ಅಕ್ಕ ಒಂದು ತುದಿ ಹಿಡಿದು ಎತ್ತಿದಳು. ಬಾಗಿಲು ಜಗ್ಗಲಿಲ್ಲ. ನೀರು ಕುಡಿದ ಬಾಗಿಲು ಅದು, ಹೆಣಭಾರ. ಭಾವ ಡ್ಯೂಟಿಯ ಮೇಲಿದ್ದರು. ಕಾಗದದ ಮೇಲಿನ ಹೊಳಪು ಆರುತ್ತಿತ್ತು.

"ಬಾರೇ!" ಎಂದು ಕೂಗಿದಳು. "ಬೈಯೋದೆಲ್ಲ ಆಮೇಲೆ ಬೈಯಿ, ಈಗ ಬಂದು ಹಿಡ್ಕೊ!"

ಹೋದೆ. ಯಾಕೆ ಹೋದೆನೋ ಏನೋ, ಕಾಲು ತಾನಾಗಿ ಹೋಯಿತು. ನನ್ನ ಬಾಗಿಲಿನ ಒಂದು ತುದಿ ಅವಳು, ಇನ್ನೊಂದು ತುದಿ ನಾನು.

"ನಿನ್ನ ಕಡೆ ಇಳಿಸು. ಇನ್ನೂ. ಇನ್ನೂ ಸ್ವಲ್ಪ. ಸಾಕು. ಸಾಕು ಅಂದ್ರೆ ಸಾಕು ಕಣೇ! ಈಗ ಎಡಕ್ಕೆ. ನಿನ್ನ ಎಡ ಅಲ್ಲ, ನನ್ನ ಎಡ!"

ಬಣ್ಣ ಹೊರಟಿತು. ನೀಲಿ ಇಳಿದು ಬಂದು ಮಣ್ಣಿನೊಳಗೆ ನುಗ್ಗಿತು. ಆಗ ನಾನು ಅದನ್ನು ಕಂಡೆ. ಬೀಗ ಬಿಚ್ಚಿದ ಮೇಲೆ ಉಳಿದಿದ್ದ ಲೋಟದ ಬಾಯಷ್ಟಗಲದ ತೂತು ಕಾಗದದ ಅಡಿಯಲ್ಲಿ ಹಾಗೇ ಇತ್ತು. ಅದನ್ನು ಮುಚ್ಚಲು ಅಕ್ಕ ಮರೆತಿದ್ದಳು. ಒದ್ದೆ ಕಾಗದ ಅಲ್ಲಿ ಸಣ್ಣ ಬಟ್ಟಲಿನಂತೆ ಜೋತುಬಿದ್ದಿತ್ತು. ಹರಿಯುತ್ತಿದ್ದ ನೀಲಿಯೆಲ್ಲ ದಾರಿ ತಿರುಗಿಸಿ, ಆ ಬಟ್ಟಲಿಗೆ ಬಂದು ಬಂದು ಸೇರುತ್ತಿತ್ತು.

"ಅಕ್ಕಾ, ತೂತು!" ಎಂದೆ. ಅಷ್ಟು ದಿನಗಳಾದ ಮೇಲೆ ಅವಳಿಗೆ ನಾನು ಆಡಿದ ಮೊದಲ ಮಾತು ಅದು. "ಬಟ್ಟೆ ಒತ್ತಲಾ?"

"ಮುಟ್ಟಬೇಡ." ಅವಳು ಉಸಿರು ಬಿಗಿಹಿಡಿದಿದ್ದಳು. "ಹಾಗೇ ಹಿಡ್ಕೊ. ಅದಕ್ಕೆ ಎಲ್ಲಿ ಹೋಗ್ಬೇಕು ಅಂತ ಗೊತ್ತಿದೆ."

ಎಷ್ಟು ಹೊತ್ತು ಹಾಗೆ ಹಿಡಿದು ನಿಂತೆವೋ! ಕೊನೆಗೆ ಮೆಲ್ಲನೆ ಇಳಿಸಿದಾಗ ನನ್ನ ಬೆರಳು ಬಿಚ್ಚಲು ಬರಲಿಲ್ಲ. ಅಕ್ಕ ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸಿದಳು. ನಾನು ಹೋಗಿ ಚಹಾ ಮಾಡಿದೆ.

ಒಣಗಿದ ಮೇಲೆ ಭಾವ, ನಾನು, ಅಕ್ಕ ಸುತ್ತಲೂ ನಿಂತು ನೋಡಿದೆವು. ನಿಜ ಹೇಳಬೇಕೆಂದರೆ ನನಗೆ ಆಗಲೂ ಅದು ಏನೆಂದು ಅರ್ಥವಾಗಲಿಲ್ಲ. ಆದರೆ ಕಣ್ಣು ಕೀಳಲು ಆಗಲಿಲ್ಲ. ಆ ಗುಂಡನೆಯ ಜಾಗದಲ್ಲಿ ನೀಲಿ ಗಟ್ಟಿಯಾಗಿ, ಹೆಚ್ಚುಕಡಿಮೆ ಕಪ್ಪಾಗಿ, ಅಂಚಿಗೆ ತೆಳ್ಳನೆಯ ಹೊಳೆಯುವ ಉಂಗುರ ಕಟ್ಟಿಕೊಂಡಿತ್ತು. ಉಳಿದ ಬಣ್ಣವೆಲ್ಲ ಎಲ್ಲಿಂದಲೋ ಹೊರಟು ಅಲ್ಲಿಗೇ ಬರುತ್ತಿತ್ತು. ಭಾವ ಬಗ್ಗಿ ಆ ಉಂಗುರದ ಸುತ್ತ ಗಾಳಿಯಲ್ಲೇ ಬೆರಳು ಆಡಿಸಿದರು.

ಚೌಕಟ್ಟು ಹಾಕುವವನು ಬಂದ. ಅಕ್ಕ ಮುಂಗೈಯನ್ನು ಕಾಗದದ ಬಳಿ ಹಿಡಿದು, ಎಲ್ಲೂ ತಂಪಿಲ್ಲ, ಒಳಗಿನವರೆಗೂ ಒಣಗಿದೆ ಎಂದು ಖಾತ್ರಿ ಮಾಡಿಕೊಂಡು ಬ್ಲೇಡು ಹಿಡಿದಳು. ಒಂದು ಬದಿ ಕೊಯ್ದಳು, ಎದುರು ಬದಿ ಕೊಯ್ದಳು, ಸುತ್ತಲೂ ಬಂದಳು. ಕಾಗದ ಎದ್ದು ಬರಬೇಕಿತ್ತು. ಬರಲಿಲ್ಲ. ಒಂದು ಮೂಲೆ ಎಬ್ಬಿಸಿ ನೋಡಿದಳು. ಮರದ ಸಿಬಿರು ಸಮೇತ ಕಿತ್ತುಬಂತು. ಧಾರಾಳವಾಗಿ ಬಳಿದಿದ್ದ ಅಂಟು ನೀರಿನಲ್ಲಿ ಕರಗಿ, ಕಾಗದದ ಅಡಿಯಲ್ಲೆಲ್ಲ ಹರಿದು, ಒಣಗಿ ಕಲ್ಲಾಗಿತ್ತು. ಚಿತ್ರ ಬಾಗಿಲಿಗೆ ಅಂಟಿಕೊಂಡುಬಿಟ್ಟಿತ್ತು.

ಚೌಕಟ್ಟಿನವನು ಬೆರಳಿನಿಂದ ಅಲ್ಲಲ್ಲಿ ಬಡಿದು ನೋಡಿ ತಲೆ ಅಲ್ಲಾಡಿಸಿದ. "ಎಬ್ಬಿಸಿದ್ರೆ ಚಿಂದಿಯಾಗುತ್ತೆ ಅಮ್ಮಾ. ಬಾಗಿಲಿಗೆ ಗಾಜು, ಚೌಕಟ್ಟು ಹಾಕೋ ಕೆಲಸ ನನ್ನ ಕೈಲಾಗಲ್ಲ."

ಮಾರನೆಯ ದಿನ ಚಿತ್ರಗಳನ್ನು ತೂಗುಹಾಕುವ ದಿನ. ಸುರುಳಿ ಮುಗಿದಿತ್ತು. ಅಕ್ಕ ನೆಲದ ಮೇಲೆ ಕುಸಿದು ಕೂತಳು. ಅಷ್ಟು ವರ್ಷದಲ್ಲಿ ನಾನು ಅವಳನ್ನು ಹಾಗೆ ಕಂಡದ್ದಿಲ್ಲ. "ಹೋಗ್ಲಿ ಬಿಡು," ಎಂದಳು. "ಕಾರಿಡಾರೇನು ಹೊಸದಾ ನನಗೆ? ಚಿಕ್ಕವು ಇವೆಯಲ್ಲ, ಅವನ್ನೇ ಅಲ್ಲಿ ಹಾಕಿದ್ರಾಯ್ತು. ನಿನ್ನ ಬಾಗಿಲು ಉಜ್ಜಿಸಿ ವಾಪಸ್ ಹಾಕಿಸ್ತೀನಿ."

ನನ್ನ ಪಿತ್ತ ನೆತ್ತಿಗೇರಿತು. ಬಾಗಿಲು ಕಿತ್ತುಕೊಂಡು ಹೋದ ದಿನವೂ ಅಷ್ಟು ಕೋಪ ಬಂದಿರಲಿಲ್ಲ.

"ಉಜ್ಜಿಸ್ತೀಯಾ? ಇದನ್ನ? ನನ್ನ ಮಾನ ಮರ್ಯಾದೆಗೆಲ್ಲ ಪರದೆ ಕಟ್ಟಿ ಬಾಗಿಲು ತಗೊಂಡೆ, ನನ್ನ ಕೈ ಬಿದ್ದುಹೋಗೋ ತನಕ ಹಿಡಿಸ್ದೆ, ಈಗ ಕಾರಿಡಾರು ಅಂತೀಯಾ? ನನ್ನ ಬಾಗಿಲು ತಗೊಂಡ ಮೇಲೆ ಮುಂದಿನ ಗೋಡೆನೇ ಆಗ್ಬೇಕು. ಏಳು ಮೇಲೆ! ಕಾಗದ ಬಾಗಿಲು ಬಿಟ್ಟು ಬರಲ್ಲ ಅಂದ್ರೆ ಬಾಗಿಲೂ ಜೊತೆಗೇ ಹೋಗ್ಲಿ!"

ಚೌಕಟ್ಟಿನವನು ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕ ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಅವಳ ಮುಖದಲ್ಲಿ ರಕ್ತ ತಿರುಗಿ ಬಂದದ್ದು ನನ್ನ ಕಣ್ಣಿಗೆ ಕಂಡಿತು.

"ಗಾಜು ಬೇಡ," ಎಂದು ಎದ್ದಳು. "ಮೇಣ ಉಜ್ಜೋಣ."

ಅಂಗೈಯಲ್ಲಿ ಮೇಣ ಬೆಚ್ಚಗೆ ಮಾಡಿ ಚಿತ್ರದ ಮೇಲೆಲ್ಲ ಸವರಿದಳು. ಭಾವ ತಮ್ಮ ಹಳೆಯ ಯೂನಿಫಾರಂ ಅಂಗಿ ಹರಿದು, ಬಸ್ಸಿನ ಗಾಜು ಒರೆಸುವವರ ಹಾಗೆ ನಯವಾಗಿ ಒರೆಸಿದರು. ಬಣ್ಣ ಒಳಗಿನಿಂದ ಹೊತ್ತಿಕೊಂಡ ಹಾಗೆ ಎದ್ದು ನಿಂತಿತು. ಸಿಬಿರು ಸಮೇತ ಎದ್ದಿದ್ದ ಮೂಲೆಯನ್ನು ಅಕ್ಕ ಹಾಗೇ ಒತ್ತಿ ಕೂರಿಸಿದಳು, ಬಣ್ಣ ಹಚ್ಚಿ ಮುಚ್ಚಲಿಲ್ಲ.

ಬೆಳಿಗ್ಗೆ ಮೆಟ್ಟಿಲಲ್ಲಿ ಮೆರವಣಿಗೆ. ಮುಂದೆ ಭಾವ, ಹಿಂದೆ ನಾನು, ದಾರಿ ಬಿಡಿಸಲು ಅಕ್ಕ. ಮೇಣ ಹಸಿಯಾಗಿದ್ದರಿಂದ ಮೇಲೆ ಬಟ್ಟೆ ಹೊದಿಸುವಂತಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಬಾಗಿಲು ಸಿಕ್ಕಿಕೊಂಡಿತು. "ರಿವರ್ಸ್, ರಿವರ್ಸ್! ಬಲಕ್ಕೆ ಹೊಡಿಯಮ್ಮಾ! ಹಿಂದುಗಡೆ ನೋಡ್ಕೊ, ಹಾಂ, ಬರ್ಲಿ ಬರ್ಲಿ!" ಎಂದು ಭಾವ ನಿಂತಲ್ಲೇ ಬಸ್ ಓಡಿಸಿದರು. ಕೆಳಗಿನ ಮನೆಯಾಕೆ ಇಣುಕಿ, "ಏನು, ಮನೆ ಖಾಲಿ ಮಾಡ್ತಿದ್ದೀರಾ?" ಎಂದರು.

"ಇಲ್ಲ, ಬಾಗಿಲು ಮಾತ್ರ ಹೋಗ್ತಿದೆ," ಎಂದಳು ಅಕ್ಕ.

ಬೀದಿಯಲ್ಲಿ ಯಾರದೋ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಟಪ್ ಎಂದು ಒಂದು ದಪ್ಪ ಹನಿ ಚಿತ್ರದ ನಟ್ಟನಡುವೆ ಬಿತ್ತು. ಮೂವರೂ ನಿಂತುಬಿಟ್ಟೆವು. ನೀರುಬಣ್ಣಕ್ಕೆ ನೀರೇ ವೈರಿ. ಒಂದು ಹನಿ ಸಾಕು, ಅಷ್ಟಗಲ ಬೋಳಾಗುತ್ತದೆ. ಹನಿ ಮೇಣದ ಮೇಲೆ ಮುತ್ತಿನ ಹಾಗೆ ಕೂತಿತು. ಭಾವ ಚೂರು ವಾಲಿಸಿದರು. ಅದು ಉರುಳಿ, ಅಂಚು ದಾಟಿ, ರಸ್ತೆಗೆ ಬಿತ್ತು. ಅಕ್ಕ ನಡುಬೀದಿಯಲ್ಲಿ ಜೋರಾಗಿ ನಕ್ಕಳು.

ಮುಂದಿನ ಹಾಲಿನಲ್ಲಿ ಮೇಷ್ಟ್ರು ನಿಂತಿದ್ದರು. ಕನ್ನಡಕ ಹಣೆಗೇರಿಸಿದರು, ಕೆಳಗಿಳಿಸಿದರು. "ಏನಮ್ಮಾ ಇದು? ಬಾಗಿಲು ತಂದಿದ್ದೀರಿ?"

"ದೊಡ್ಡದು ತನ್ನಿ ಅಂದ್ರಲ್ಲ ಮೇಷ್ಟ್ರೇ."

"ಅಂದೆ, ಸರಿ... ಗಾಜಿಲ್ಲ?"

ಭಾವ ಪಕ್ಕದಲ್ಲಿದ್ದ ನೀರಿನ ಲೋಟದಲ್ಲಿ ಬೆರಳದ್ದಿ ಚಿತ್ರದ ಮೇಲೆ ಚಿಮುಕಿಸಿದರು. ಮೇಷ್ಟ್ರು "ಅಯ್ಯಯ್ಯೋ!" ಎಂದು ಕೂಗಿ ಮುಂದೆ ಬರುವಷ್ಟರಲ್ಲಿ ಹನಿಗಳು ಉರುಳಿಹೋಗಿದ್ದವು. ಮೇಷ್ಟ್ರು ಬಗ್ಗಿ ನೋಡಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು. "ಹಾಕ್ರಪ್ಪಾ ಮೇಲೆ," ಎಂದು ಕೆಲಸದವರಿಗೆ ಹೇಳಿದರು.

ಅವರು ಅದನ್ನು ಅಡ್ಡಡ್ಡ ಎತ್ತಿ, ಗೋಡೆಯ ನಡುವೆ ಎತ್ತರದಲ್ಲಿ ಹಿಡಿದರು. ಎಲ್ಲರೂ ದೂರ ನಿಂತು ನೋಡಿದೆವು. ಏನೋ ಸರಿಯಿಲ್ಲ. ತಲೆಕೆಳಗು ಮಾಡಿದರು, ಆಗಲೂ ಸರಿಯಿಲ್ಲ. ಮೇಷ್ಟ್ರು "ಮೇಲ್ಗಡೆ ಯಾವುದಮ್ಮಾ?" ಎಂದು ಕೇಳಿದರು. ಅಕ್ಕ ಬೆಬ್ಬೆಬ್ಬೆ ಎಂದಳು. ಅವಳು ಸುತ್ತಲೂ ಓಡಾಡಿ ಬರೆದವಳು, ಮಲಗಿದ್ದ ಬಾಗಿಲನ್ನೇ ನೋಡಿದವಳು. ಅವಳಿಗೆ ಅದರ ತಲೆ ಯಾವುದು ಕಾಲು ಯಾವುದು ಎಂದು ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಎಷ್ಟು ಸಲ ಆ ಹಿಡಿಕೆ ತಿರುಗಿಸಿದ್ದೇನೆ ನಾನು!

"ನಿಲ್ಲಿಸಿ," ಎಂದೆ. "ಅಡ್ಡ ಅಲ್ಲ, ನೆಟ್ಟಗೆ. ಆ ಗುಂಡು ಬಲಗಡೆ ಬರ್ಬೇಕು, ಸೊಂಟದೆತ್ತರಕ್ಕೆ. ಅಷ್ಟು ಮೇಲೆ ಬೇಡ, ಕೆಳಗಿಳಿಸಿ. ನೆಲಕ್ಕೆ ತಾಗ್ಲಿ. ಬಾಗಿಲು ನಿಂತ ಹಾಗೆ ನಿಲ್ಲಿಸಿ."

ಕೆಲಸದವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡುತ್ತಿದ್ದಳು. ನಿಲ್ಲಿಸಿದರು.

ಮೇಲಿನ ಬೆಳಕು ನೀಲಿಯ ಮೇಲೆ ಬಿತ್ತು. ಆ ದೊಡ್ಡ ಬಿಳಿ ಗೋಡೆ ಇದ್ದಕ್ಕಿದ್ದ ಹಾಗೆ ಒಂದು ಕೋಣೆಯ ಹೊರಗೋಡೆಯಾಗಿಬಿಟ್ಟಿತು. ಅದರ ಹಿಂದೆ ಯಾರೋ ಇದ್ದಾರೆ, ಒಳಗಿನಿಂದ ಹಾಕಿಕೊಂಡಿದ್ದಾರೆ, ಅವರಿಗೆ ಬೇಕೆನಿಸಿದಾಗ ತೆರೆಯುತ್ತಾರೆ. ಇಷ್ಟು ವರ್ಷ "ಇನ್ನೂ ನೋಡು" ಎನ್ನುತ್ತಿದ್ದಳಲ್ಲ, ಆವತ್ತು ನೋಡಿದೆ. ಅಳು ಬಂತು, ಅತ್ತುಬಿಟ್ಟೆ, ಎಲ್ಲರೆದುರಿಗೇ.

ಮೇಷ್ಟ್ರು ಪಕ್ಕಕ್ಕೆ ತಿರುಗಿದರು. ಪಕ್ಕದ ಗೋಡೆಯಲ್ಲಿ ಅವರದೇ ಒಂದು ಎಣ್ಣೆಚಿತ್ರ ಇತ್ತು. ಹೋಗಿ ಅದನ್ನು ತಾವೇ ಕೆಳಗಿಳಿಸಿ, ಕಂಕುಳಲ್ಲಿ ಇಟ್ಟುಕೊಂಡು, "ಇದು ಕಾರಿಡಾರಿಗೆ," ಎಂದು ಹೊರಟರು.

ಪ್ರದರ್ಶನ ಶುರುವಾದ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಬಂದವರ ಮಾತು ಆ ಬಾಗಿಲಿನ ಮುಂದೆ ತಾನಾಗಿ ತಗ್ಗುತ್ತಿತ್ತು. ಒಬ್ಬಾಕೆ ತುಂಬ ಹೊತ್ತು ನಿಂತಿದ್ದು, ಆ ಕಪ್ಪು ಗುಂಡಿನ ಕಡೆ ಕೈ ಚಾಚಿ, ಮುಟ್ಟುವ ಮೊದಲೇ ಹಿಂದೆಗೆದುಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದರು. ನಾನು ನೋಡಿದ್ದೆ. ಇಬ್ಬರೂ ನಕ್ಕೆವು. ಭಾವ ಬಂದವರಿಗೆಲ್ಲ ಮೇಣ ಒರೆಸಿದ್ದು ತಾವೇ ಎಂದು ಹೇಳುತ್ತ ತಿರುಗಾಡುತ್ತಿದ್ದರು.

ಕೊನೆಯ ದಿನ ಮೇಷ್ಟ್ರು ಎಲ್ಲರೆದುರಿಗೆ ಅಕ್ಕನ ಬಳಿ ಬಂದರು. "ಅಮ್ಮಾ, ಸಮಿತಿಯವರೆಲ್ಲ ಕೂತು ತೀರ್ಮಾನ ಮಾಡಿದೀವಿ. ಇದು ಇಲ್ಲೇ ಇರ್ಬೇಕು, ಚಿತ್ರಶಾಲೆಯಲ್ಲಿ, ಕಾಯಂ ಆಗಿ. ನೀವು ಹೂಂ ಅನ್ಬೇಕು."

ಅಕ್ಕ ಕನಸು ಕಂಡದ್ದು ಇದನ್ನೇ. ಅವಳ ಬಾಯಿಂದ ಹೂಂ ಬರಲು ಅರೆಗಳಿಗೆ ಸಾಕಿತ್ತು. ಬರಲಿಲ್ಲ.

"ಬಣ್ಣ ನಂದು ಮೇಷ್ಟ್ರೇ," ಎಂದಳು. "ಬಾಗಿಲು ನನ್ನ ತಂಗೀದು. ಅದು ಎಂಥ ಬಾಗಿಲು ಅಂತ ನಿಮಗೆ ಗೊತ್ತಿಲ್ಲ. ಹೋದ ಸಲ ಅವಳನ್ನ ಕೇಳದೆ ತಗೊಂಡೆ. ಈ ಸಲ ಕೇಳ್ತೀನಿ." ನನ್ನ ಕಡೆ ತಿರುಗಿದಳು. "ಏನೇ, ಕೊಡ್ತೀಯಾ?"

ಇಡೀ ಹಾಲು ನನ್ನ ಕಡೆ ನೋಡಿತು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಕೂತವಳನ್ನು ಯಾರೂ ಹಾಗೆ ನೋಡಿದವರಲ್ಲ.

"ಕೊಡ್ತೀನಿ," ಎಂದೆ. "ಆದ್ರೆ ಈ ಗೋಡೆ ಬಿಟ್ಟು ಕದಲಿಸಬಾರದು. ಕಾರಿಡಾರಿಗಂತೂ ಸತ್ತರೂ ಒಯ್ಯಬಾರದು. ನಾನು ಆಗಾಗ ಬಂದು ನೋಡ್ತೀನಿ."

"ಆಯ್ತು ತಾಯಿ," ಎಂದು ಮೇಷ್ಟ್ರು ಕೈ ಮುಗಿದರು. ಚಪ್ಪಾಳೆ ಶುರುವಾಯಿತು. ಅಕ್ಕ ಎಲ್ಲರೆದುರಿಗೆ ನನ್ನನ್ನು ಅಪ್ಪಿಕೊಂಡಳು. ಅವಳ ಬೆರಳಿಗೆ ಇನ್ನೂ ನೀಲಿ ಅಂಟಿತ್ತು, ನನ್ನ ಒಳ್ಳೆಯ ಅಂಗಿಗೂ ಒರೆಸಿದಳು.

ಈಗ ನನ್ನ ಕೋಣೆಗೆ ಹೊಸ ಬಾಗಿಲು ಬಂದಿದೆ. ಬೀಗ ಹಳೆಯದೇ, ಕೀ ಹಳೆಯದೇ. ಕೂರಿಸಿದ ಸಂಜೆ ಒಳಗೆ ಹೋಗಿ ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದೆ. ಯಾರೋ ಬಾಗಿಲು ತಟ್ಟಿದರು. ಈ ಮನೆಯಲ್ಲಿ ಅಕ್ಕ ಯಾವತ್ತೂ ತಟ್ಟಿದವಳಲ್ಲ, ಹೊರಗಿನಿಂದಲೇ ಕೂಗುವವಳು. ಈಗ ತಟ್ಟಿ, ನಾನು ಉತ್ತರ ಕೊಡುವ ತನಕ ಸುಮ್ಮನೆ ನಿಂತಿದ್ದಳು.

"ಏನಕ್ಕಾ?"

"ಏನಿಲ್ಲ." ಹೊರಗೆ ಅಂಗೈಯಿಂದ ಮರವನ್ನು ಸವರುವ ಸದ್ದು. "ಇದು ಹಳೇದಕ್ಕಿಂತ ಸ್ವಲ್ಪ ಅಗಲ ಇದೆ ಅಲ್ವೇನೇ?"

"ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಒಳಗಿನಿಂದಲೇ ಕೂಗಿದೆ.

ಅವಳು ನಗುವುದು ಕೇಳಿಸಿತು. ನಾನು ಎದ್ದು ಹೋಗಿ ಬಾಗಿಲು ತೆರೆದೆ.